ಚೀಲದೊಳಗಣ ಎರಡು ಕಲ್ಲುಗಳು

ಓದತಕ್ಕ ವೇದಭಾಗ: ಧರ್ಮೋಪದೇಶಕಾಂಡ 25ನೆಯ ಅಧ್ಯಾಯ, 13ರಿಂದ 16ರ ವರೆಗಿನ ವಚನಗಳು.



ಮೇಲೆ ಹೇಳಿದ ವಚನಗಳಲ್ಲಿ ಮೋಶೆಯು ಕೊಡುಕೊಳ್ಳುವಿಕೆಯ ವಿಷಯವಾಗಿ ಒಂದು ಕಟ್ಟಳೆಯನ್ನು ತಿಳಿಸುತ್ತಾನೆ. ಹೇಗಂದರೆ, ಒಬ್ಬನ ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು, ಹೀಗೆ ಎರಡು ವಿಧವಾದ ತೂಕದ ಕಲ್ಲುಗಳು ಇರಬಾರದು; ಅವನ ಮನೆಯಲ್ಲಿ ಎರಡು ವಿಧವಾದ ಅಳತೆಗಳೂ ಇರಬಾರದು. ಕೊಂಡುಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಚಿಕ್ಕ ಕಲ್ಲು. ಸಂತೆಯಲ್ಲಿ ಸೇರು ಪಾವುಗಳನ್ನು ಕಂಡ ಹಿರಿಯರಿಗೆ ಈ ಮೋಸವನ್ನು ವಿವರಿಸಬೇಕಾಗಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಿರಿ. ಮೋಶೆಯು ಚೀಲದೊಳಗಿನ ಕಲ್ಲುಗಳನ್ನು ಕುರಿತು ಮಾತಾಡುತ್ತಾನೆ. ತಕ್ಕಡಿಯಲ್ಲಿಟ್ಟ ಕಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಚೀಲದಲ್ಲಿರುವದನ್ನು ಅದರ ಒಡೆಯನೂ ದೇವರೂ ಮಾತ್ರವೇ ಬಲ್ಲರು.

ಈ ಮಾತನ್ನು ನಮ್ಮ ಸೀಮೆಗೆ ತಂದು ನೋಡೋಣ. ಹರಿಹರ ತಾಲೂಕಿನ ಕೊಂಡಜ್ಜಿಯು ಕೆರೆಯೂ ಗುಡ್ಡವೂ ಉಳ್ಳ ಊರು. ಸ್ಕೌಟು ಮಕ್ಕಳ ತರಬೇತಿಯ ಸ್ಥಳವೆಂದು ದೂರದವರೂ ಅದರ ಹೆಸರನ್ನು ಬಲ್ಲರು. ಈ ಕಡೆಯ ಹೊಲಗಳ ಮೆಕ್ಕೆಜೋಳವೂ ಗದ್ದೆಗಳ ಭತ್ತವೂ ದಾವಣಗೆರೆಯ ಮಾರುಕಟ್ಟೆಯನ್ನು ಮುಟ್ಟಬೇಕಾದರೆ ಲಾರಿಗಳು ಬೇಕು. ಇಲ್ಲಿ ಒಂದೇ ಲಾರಿಯುಳ್ಳ ಒಬ್ಬ ಮನುಷ್ಯನನ್ನು ಭಾವಿಸಿಕೊಳ್ಳಿರಿ. ಮಾಲೀಕನೂ ಅವನೇ, ಡ್ರೈವರನೂ ಅವನೇ. ತಿಂಗಳು ತಿಂಗಳಿಗೆ ಸಾಲದ ಕಂತನ್ನು ಕಟ್ಟತಕ್ಕವನು. ಸುಗ್ಗಿಯ ಕಾಲ, ಮೂರು ಮನೆಯವರು ಕಾಳನ್ನು ತುಂಬಿ ಕಾದಿದ್ದಾರೆ. ಅಷ್ಟರಲ್ಲಿ ಲಾರಿಯು ಏರಿನಲ್ಲಿ ಎಳೆಯಲಾರದೆ ಕಪ್ಪು ಹೊಗೆಯನ್ನು ಕಾರತೊಡಗುತ್ತದೆ. ಅವನು ಅದನ್ನು ಹೆದ್ದಾರಿಯ ಬದಿಯ ಗ್ಯಾರೇಜಿಗೆ ಒಯ್ಯುತ್ತಾನೆ.

ಕಪ್ಪು ಹೊಗೆಗೆ ಕಾರಣಗಳು ಹಲವು. ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿಕೊಂಡರೂ ಅದು ಬರುವದು; ನಾಝಲ್ ಕೆಟ್ಟರೂ ಬರುವದು; ಡೀಸೆಲ್ ಪಂಪಿನ ದೋಷದಿಂದಲೂ ಬರುವದು. ಮೊದಲನೆಯದಾದರೆ ಅರ್ಧ ಗಂಟೆಯ ಕೆಲಸ, ಕೊನೆಯದಾದರೆ ಎರಡು ದಿನದ ಕೆಲಸ. ಇವುಗಳಲ್ಲಿ ಯಾವದೆಂದು ಲಾರಿಯವನು ಅರಿಯನು. ಮೇಸ್ತ್ರಿಯು ಬಾನೆಟ್ಟನ್ನು ಎತ್ತಿದ ಸ್ವಲ್ಪ ಹೊತ್ತಿನಲ್ಲಿಯೇ ಅರಿಯುತ್ತಾನೆ. ಫಿಲ್ಟರೇ ಕಟ್ಟಿದೆಯೆಂದು ಕಂಡಮೇಲೆಯೂ ಅವನು, "ಅಣ್ಣಾ, ಪಂಪೇ ಹೋಗಿದೆ, ಪೂರಾ ಬಿಚ್ಚಬೇಕು" ಎಂದು ಹೇಳಿದರೆ ಯಾರು ಎದುರಾಡುವರು? ಒಂದು ಸಾವಿರ ರೂಪಾಯಿಯ ಕೆಲಸಕ್ಕೆ 10,000 ರೂಪಾಯಿಯ ಬಿಲ್ಲಾಗುತ್ತದೆ. ತೆಗೆದ ಹಳೇ ಸಾಮಾನು ಎಲ್ಲಿ ಎಂದು ಕೇಳಿದರೆ ಗುಜರಿಗೆ ಹೋಯಿತು ಎಂಬ ಉತ್ತರ. ಪ್ರಿಯರೇ, ಚೀಲದೊಳಗಣ ಕಲ್ಲು ಇದೇ. ಮೇಸ್ತ್ರಿಯ ವಿದ್ಯೆಯೇ ಅವನ ತೂಕದ ಕಲ್ಲು. ತಿಳಿದವನು ಬಂದರೆ ಒಂದು ಕಲ್ಲು, ತಿಳಿಯದವನೂ ಅವಸರದಲ್ಲಿರುವವನೂ ಬಂದರೆ ಇನ್ನೊಂದು.

ಸಾಮಾನಿನ ಬೆಲೆಯಲ್ಲಾದರೂ ಸರಕಾರವು ಒಂದು ಬೇಲಿಯನ್ನು ಹಾಕಿದೆ. ಪೆಟ್ಟಿಗೆಯಲ್ಲಿ ಮುಚ್ಚಿ ಬರುವ ಬೇರಿಂಗು, ಫಿಲ್ಟರು ಮೊದಲಾದವುಗಳ ಮೇಲೆ ಗರಿಷ್ಠ ಬೆಲೆಯು ಅಚ್ಚಾಗಿರುತ್ತದೆ; ಅದಕ್ಕೆ ಮೀರಿ ತೆಗೆದುಕೊಳ್ಳುವದು 2009ರ ಅಳತೆ ತೂಕಗಳ ಕಾನೂನಿಗೆ ವಿರೋಧ. ಕೈಕೆಲಸದ ಕೂಲಿಯ ಮೇಲಾದರೋ ಯಾವ ಅಚ್ಚೂ ಇಲ್ಲ. ಅಲ್ಲಿ ಮನಸ್ಸಾಕ್ಷಿಯೊಂದೇ ಇನ್‌ಸ್ಪೆಕ್ಟರು.

ಹೆದ್ದಾರಿಯ ಮೇಸ್ತ್ರಿಗಳೆಲ್ಲರೂ ಕಳ್ಳರೆಂದು ಕೆಲವರು ಆಡುವ ಮಾತನ್ನು ನಾನು ಒಪ್ಪುವದಿಲ್ಲ. ನಡುರಾತ್ರಿಯಲ್ಲಿ ಕಾದ ಇಂಜಿನಿನ ಅಡಿಯಲ್ಲಿ ಬೆನ್ನಮೇಲೆ ಮಲಗಿ, ಕಣ್ಣಿಗೆ ಎಣ್ಣೆ ತೊಟ್ಟಿಕ್ಕುತ್ತಿರಲು, ಪರವೂರಿನ ಡ್ರೈವರನನ್ನು ದಾರಿಗೆ ಹಚ್ಚುವವರು ಅವರೇ. ಅವರ ಕೂಲಿಯನ್ನು ವೇದವೇ ಕಾಯುತ್ತದೆ. ನಾವು ಓದಿದ ಅದೇ 25ನೆಯ ಅಧ್ಯಾಯದಲ್ಲಿ ಕಲ್ಲುಗಳ ಮಾತಿಗೆ ಮೊದಲೇ ಕಣ ತುಳಿಯುವ ಎತ್ತಿನ ಬಾಯನ್ನು ಕಟ್ಟಬಾರದೆಂಬ ಆಜ್ಞೆಯುಂಟು. ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿಯೂ ಒಬ್ಬ ಗಿರಾಕಿಯ ಚಿತ್ರವಿದೆ: ಅವನು ಕೊಳ್ಳುವಾಗ ಸರಕನ್ನು ಹಳಿದು ಹಳಿದು ಬೆಲೆಯನ್ನು ಇಳಿಸಿ, ಆಚೆಗೆ ಹೋದಮೇಲೆ ತನ್ನ ಜಾಣತನವನ್ನು ಕೊಚ್ಚಿಕೊಳ್ಳುತ್ತಾನೆ. ನ್ಯಾಯವಾದ 1,000 ರೂಪಾಯಿಯ ಕೂಲಿಯನ್ನು 400ಕ್ಕೆ ಹಿಂಡಿ ಬಂದವನು ನಮ್ಮ ನಡುವೆ ಇದ್ದರೆ ಆ ವಚನವನ್ನು ಓದಿಕೊಳ್ಳಲಿ.

ಹರಿಹರದವರಿಗೆ ಇನ್ನೊಂದು ಮಾತು. 1941ರಲ್ಲಿ ಆ ಊರಿನಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಈಗ ಅದು ಮುಚ್ಚಿಹೋಗಿದೆ. ಲೇತಿನ ಕೆಲಸವನ್ನು ಕಲಿತವನು ಮಿಲಿಮೀಟರಿನ ನೂರರಲ್ಲೊಂದು ಪಾಲನ್ನೂ ಅಲಕ್ಷ್ಯ ಮಾಡುವದಿಲ್ಲ. ಮಾಡಿದರೆ ತಿರುಗುವ ದಂಡವು ಕೂಡಲೇ ಅವನ ತಪ್ಪನ್ನು ಸಾರುವದು. ಕಬ್ಬಿಣದಲ್ಲಿ ಅಷ್ಟು ಸತ್ಯವಂತನಾದ ಕೈಯು ಬಿಲ್ಲನ್ನು ಬರೆಯುವಾಗ ಸುಳ್ಳಾಗುವದು ಆಶ್ಚರ್ಯವಲ್ಲವೇ? ಕಬ್ಬಿಣವು ಕೂಗಿಕೊಳ್ಳುತ್ತದೆ, ಕಾಗದವು ಸುಮ್ಮನಿರುತ್ತದೆ; ಕಾರಣ ಅಷ್ಟೇ.

ಇನ್ನು ಮೋಸಹೋದವನ ವಿಷಯ. ಹಣವು ಹೋದದ್ದಕ್ಕಿಂತ ಹೆಚ್ಚಿನ ಅಪಾಯವು ಅವನಿಗೆ ಆ ಸಾಯಂಕಾಲದಲ್ಲಿಯೇ ಕಾದಿದೆ. ಕಳೆದ 9,000 ರೂಪಾಯಿಯನ್ನು ಎಲ್ಲಿಂದ ತುಂಬಲಿ ಎಂದು ಲೆಕ್ಕ ಹಾಕುತ್ತಾನೆ. ಕಾದಿರುವ ರೈತನ ಬಾಡಿಗೆಯನ್ನು ಏರಿಸುತ್ತಾನೆ. ಮಳೆಯ ಮೋಡವು ಕವಿದಿರುವದರಿಂದ ರೈತನು ಒಪ್ಪಲೇಬೇಕು. ಹಮಾಲರ ಕೂಲಿಯಲ್ಲಿ ಇಪ್ಪತ್ತು ಮುವ್ವತ್ತು ಹಿಡಿಯುತ್ತಾನೆ. ಲಾರಿಯು ತಾಳುವದಕ್ಕಿಂತ ಹೆಚ್ಚು ಚೀಲಗಳನ್ನು ಹೇರುತ್ತಾನೆ. ಹೀಗೆ ಮೇಸ್ತ್ರಿಯ ಚೀಲದಲ್ಲಿದ್ದ ಕಲ್ಲು ಲಾರಿಯವನ ಚೀಲಕ್ಕೆ ಬಂದು, ಏನೂ ಅರಿಯದ ಬಡವಿಯೊಬ್ಬಳ ನಾಲ್ಕು ಚೀಲ ಜೋಳದ ಮೇಲೆ ಬೀಳುತ್ತದೆ. ನನಗೆ ಅನ್ಯಾಯವಾಯಿತು ಎಂದು ಅಳುವವನು ಮಾರನೆಯ ದಿನ ಅನ್ಯಾಯ ಮಾಡುವವನಾಗುವದು ಇಷ್ಟು ಸುಲಭ.

ಹಾಗಾದರೆ ಸುಮ್ಮನಿರಬೇಕೋ? ಸುಮ್ಮನಿರಬೇಕೆಂದು ಕರ್ತನು ಹೇಳಲಿಲ್ಲ. ಮತ್ತಾಯನ 18ನೆಯ ಅಧ್ಯಾಯದಲ್ಲಿ, ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನಾಗಿಯೇ ಹೋಗಿ ತಪ್ಪನ್ನು ತಿಳಿಸಬೇಕೆಂದೂ, ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗಬೇಕೆಂದೂ ಕಲಿಸಿದನು. ಮೇಸ್ತ್ರಿಯು ಸಭೆಯವನಲ್ಲದಿದ್ದರೂ ಈ ಕ್ರಮವು ಒಳ್ಳೇದೇ. ಚಹದ ಅಂಗಡಿಯಲ್ಲಿ ಹತ್ತು ಜನರ ಮುಂದೆ ಅವನ ಹೆಸರನ್ನು ಕೆಡಿಸುವ ಮೊದಲು ಅವನ ಮುಂದೆ ಬಿಲ್ಲನ್ನು ಇಟ್ಟು ಸಾಲು ಸಾಲಾಗಿ ಕೇಳಿರಿ.

ಕೆಲಸಕ್ಕೆ ಮುಂಚೆಯೇ ಕೇಳುವದು ಅದಕ್ಕಿಂತಲೂ ಉತ್ತಮ. ಯಾಕಂದರೆ ಕೆಲಸ ಮುಗಿದ ಮೇಲೆ ನ್ಯಾಯವಾದ ಕೂಲಿಯು ಸಲ್ಲುವ ವರೆಗೂ ಲಾರಿಯನ್ನು ತಡೆದಿಡುವ ಹಕ್ಕು ದುರಸ್ತಿ ಮಾಡಿದವನಿಗೆ ಉಂಟು. 1872ರ ಕರಾರು ಅಧಿನಿಯಮದ 170ನೆಯ ಪ್ರಕರಣವು ಅದನ್ನು ಕೊಟ್ಟಿದೆ. ಸುಗ್ಗಿಯಲ್ಲಿ ಲಾರಿಯು ನಿಂತರೆ ಸೋಲುವವನು ಯಾರೆಂದು ಹೇಳಬೇಕೇ? ಆದಿಕಾಂಡದ 23ನೆಯ ಅಧ್ಯಾಯದಲ್ಲಿ ಸಾರಳ ಸಮಾಧಿಗಾಗಿ ಅಬ್ರಹಾಮನು ಹೊಲವನ್ನು ಕೇಳಿದಾಗ, ಎಫ್ರೋನನು ಸುಮ್ಮನೆ ಕೊಡುತ್ತೇನೆಂದು ದೊಡ್ಡ ಮಾತಾಡಿದನು. ಅಬ್ರಹಾಮನು ಅದಕ್ಕೆ ಮರುಳಾಗದೆ ಬೆಲೆಯನ್ನು ಹೇಳಿಸಿ, ಊರ ಬಾಗಿಲಲ್ಲಿ ಜನರು ಕೇಳುತ್ತಿರುವಾಗಲೇ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು. "ಅಣ್ಣಾ, ನಮ್ಮ ನಿಮ್ಮಲ್ಲಿ ಲೆಕ್ಕವೇನು, ಆಮೇಲೆ ನೋಡೋಣ" ಎಂದು ಮೇಸ್ತ್ರಿಯು ನಗುತ್ತಾ ಹೇಳುವಾಗ ಎಫ್ರೋನನನ್ನು ನೆನಸಿಕೊಳ್ಳಿರಿ. ದೋಷವೇನು, ಸಾಮಾನು ಯಾವದು, ಕೂಲಿ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆಸಿರಿ. ಹೊಸ ದೋಷ ಕಂಡರೆ ಫೋನು ಮಾಡಿ ಕೇಳಿದ ಮೇಲೆಯೇ ಬಿಚ್ಚಬೇಕೆನ್ನಿರಿ. ತೆಗೆದ ಹಳೇ ಸಾಮಾನನ್ನು ಮನೆಗೆ ತನ್ನಿರಿ. ಇದರಿಂದ ನೇರವಾದ ಮೇಸ್ತ್ರಿಗೆ ಅವಮಾನವೇನೂ ಇಲ್ಲ.

ಇಷ್ಟಾದರೂ ಅವನು ಕೇಳದಿದ್ದರೆ ಸರಕಾರದ ಬಾಗಿಲಿಗೆ ಹೋಗಬಹುದೋ? ಇದರಲ್ಲಿ ನಮ್ಮವರಿಗೆ ಸಂದೇಹವುಂಟು. ಕೊರಿಂಥದ ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದ್ದಕ್ಕಾಗಿ ಪೌಲನು ಅವರನ್ನು ನಾಚಿಸಿದನು. ನಿಮ್ಮಲ್ಲಿ ತೀರಿಸುವ ಬುದ್ಧಿವಂತನು ಒಬ್ಬನೂ ಇಲ್ಲವೋ ಎಂದು ಕೇಳಿದನು. ಆದಕಾರಣ ಮೇಸ್ತ್ರಿಯೂ ಸಭೆಯವನಾಗಿದ್ದರೆ ಹಿರಿಯರ ಮುಂದೆ ತೀರಿಸಿಕೊಳ್ಳತಕ್ಕದ್ದು. ಹೊರಗಿನವನಾದರೆ, ಅದೇ ಪೌಲನು ತನಗೆ ಅನ್ಯಾಯವಾಗುವದೆಂದು ಕಂಡಾಗ ಕೈಸರನಿಗೆ ಮೊರೆಯಿಟ್ಟದ್ದನ್ನೂ ನೆನಸಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸ್ವಂತ ದುಡಿಮೆಯಿಂದ ಜೀವನ ನಡಿಸುವದಕ್ಕಾಗಿಯೇ ಲಾರಿಯನ್ನು ಇಟ್ಟುಕೊಂಡವನು ಗ್ರಾಹಕನೆಂದೇ ಎಣಿಸಲ್ಪಡುತ್ತಾನೆ. ಸಂಗತಿಯು ನಡೆದ ಎರಡು ವರುಷಗಳೊಳಗೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣವು 5 ಲಕ್ಷ ರೂಪಾಯಿಗಳೊಳಗಿದ್ದರೆ ಶುಲ್ಕವಿಲ್ಲ. ವಕೀಲನಿಲ್ಲದೆ ತಾನೇ ನಿಂತು ಹೇಳಿಕೊಳ್ಳಬಹುದು. ಮೊದಲು 1915 ಎಂಬ ನಂಬರಿಗೆ ಫೋನು ಮಾಡಿ ಕೇಳಿದರೂ ಆದೀತು. ಚೀಟಿಯೂ ರಸೀದಿಯೂ ಇಲ್ಲದವನ ಮಾತು ಅಲ್ಲಿ ನಿಲ್ಲುವದು ಕಷ್ಟ. ಸಿಟ್ಟಿನಿಂದ ಹೋಗುವವನೂ ನ್ಯಾಯಕ್ಕಾಗಿ ಹೋಗುವವನೂ ಒಂದೇ ಅರ್ಜಿಯನ್ನು ಬರೆಯುತ್ತಾರೆ. ಯಾರು ಯಾತಕ್ಕೆ ಬಂದರೆಂಬದು ಆಯೋಗಕ್ಕೆ ಕಾಣುವದಿಲ್ಲ.

ಹೆಚ್ಚು ತಕ್ಕೊಂಡವನು ಈ ಪತ್ರಿಕೆಯನ್ನು ಓದುತ್ತಿದ್ದರೆ ಯೆರಿಕೋವಿನ ಜಕ್ಕಾಯನನ್ನು ನೋಡಲಿ. ತಾನಾಗಿ ತಪ್ಪನ್ನು ಒಪ್ಪಿಕೊಂಡವನು ಮೂಲ ಹಣಕ್ಕೆ ಐದರಲ್ಲೊಂದು ಪಾಲನ್ನು ಕೂಡಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರವು ಹೇಳಿತ್ತು. ಕುರಿಯನ್ನು ಕದ್ದು ಕೊಯ್ದು ಸಿಕ್ಕಿಬಿದ್ದವನಿಗೆ ಮಾತ್ರ ನಾಲ್ಕರಷ್ಟು. ಜಕ್ಕಾಯನನ್ನು ಯಾರೂ ಹಿಡಿದಿರಲಿಲ್ಲ, ಯಾವ ಆಯೋಗವೂ ಕರಿಸಿರಲಿಲ್ಲ. ಆದರೂ ಅವನು ನಾಲ್ಕರಷ್ಟನ್ನು ತಾನೇ ಆರಿಸಿಕೊಂಡನು. 9,000 ರೂಪಾಯಿಗೆ 36,000. ಅವನು ಮರುದಿನ ಲೆಕ್ಕದ ಪುಸ್ತಕವನ್ನು ಹಿಡಿದು ಯಾರಾರ ಬಾಗಿಲಿಗೆ ಹೋದನೋ, ಅವರು ಅವನಿಗೆ ಚಾಪೆಯನ್ನು ಹಾಸಿದರೋ ಇಲ್ಲವೋ, ಲೂಕನು ಬರೆಯಲಿಲ್ಲ.