ಕಡೇ ಜಾಗದಲ್ಲಿ ಕುಂತವನ ಧರ್ಮ

ಆಟದೊಳಗೆ ಮಾಡಿದ್ದು ಕಳ್ಳತನ ಆಗ್ತೈತೋ ಇಲ್ಲೋ? ಈ ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಇದರ ಬೇರು ಹಿಡಿದು ಹೋದರೆ ನಮ್ಮ ಹತ್ತಿ ಹೊಲದ ತನಕ ಹೋಗಿ ಮುಟ್ಟುತ್ತದೆ. ನಾನು ಓದಿದ್ದು ಏಳನೇ ತರಗತಿ. ಶಾಸ್ತ್ರ ಗೊತ್ತಿಲ್ಲ. ಹೊಲ ಗೊತ್ತು, ಭಜನೆ ಗೊತ್ತು, ಊರ ಕಟ್ಟೆ ಗೊತ್ತು. ಅಷ್ಟರಲ್ಲೇ ಹೇಳ್ತೀನಿ.

ಹಬ್ಬ ಬಂತಂದ್ರ ಕೆಲವರು ಎಲೆ ಆಟಕ್ಕೆ ಕೂಡೋದು ಎಲ್ಲರೂ ಕಂಡದ್ದೇ. ಮೂರೆಲೆ ಆಟದಲ್ಲಿ ಎಲೆ ನೋಡೋಕೆ ಮೊದಲೇ ಎಲ್ಲರೂ ಒಂದಿಷ್ಟು ದುಡ್ಡು ನಡುವೆ ಇಡಬೇಕು. ಅದಕ್ಕೆ ಬೂಟು ಅಂತಾರೆ. ಕೈಯಲ್ಲಿ ಏನೂ ಇಲ್ಲದವನು ಏನೋ ಐತಿ ಅನ್ನೋ ಹಂಗ ಜೋರಾಗಿ ಕಟ್ಟಿದರೆ, ಉಳಿದವರು ಅಂಜಿ ಎಲೆ ಕೆಳಗಿಡ್ತಾರೆ. ನಡುವಿನ ದುಡ್ಡು ಅವನದು. ಎಲೆ ತೋರಿಸೋ ಮಾತೇ ಇಲ್ಲ.

ಪೋಕರ್ ಅಂತ ಇನ್ನೊಂದು ಆಟ ಐತಿ. ಬೆಂಗಳೂರಿಗೆ ದುಡಿಯೋಕೆ ಹೋದ ಹುಡುಗರು ಫೋನಿನಲ್ಲಿ ಆಡಿ ಕಲಿತು ಬಂದು ಹೇಳ್ತಾರೆ. ಅಲ್ಲಿ ಎಲ್ಲರೂ ಬೂಟು ಇಡಬೇಕಿಲ್ಲ. ಇಬ್ಬರು ಮಾತ್ರ ಎಲೆ ನೋಡೋಕೆ ಮೊದಲೇ ಇಡಬೇಕು. ಒಬ್ಬ 5 ರೂಪಾಯಿ, ಇನ್ನೊಬ್ಬ 10 ರೂಪಾಯಿ ಅನ್ನಿ. ಅದಕ್ಕೆ ಬ್ಲೈಂಡು ಅಂತ ಹೆಸರು. ಉಳಿದವರು ಒಬ್ಬೊಬ್ಬರಾಗಿ ಎಲೆ ಬಿಟ್ಟ ಮೇಲೆ, ಅವರಲ್ಲಿ ಕಡೇ ಜಾಗದಲ್ಲಿ ಕುಂತವನು 25 ರೂಪಾಯಿ ಎತ್ತಿ ಕಟ್ಟುತ್ತಾನೆ. ಬ್ಲೈಂಡು ಇಟ್ಟ ಇಬ್ಬರೂ “ಇಷ್ಟಕ್ಕೆ ಯಾಕೆ ತಲೆನೋವು, ಹೋಗಲಿ ಬಿಡು” ಅಂತ ಎಲೆ ಬಿಡ್ತಾರೆ. ಅವನಿಗೆ 15 ರೂಪಾಯಿ ಸಿಕ್ಕಿತು. ಆ ಆಟಗಾರರೇ ಇದಕ್ಕೆ ಬ್ಲೈಂಡು ಕದಿಯೋದು ಅಂತ ಹೆಸರಿಟ್ಟಾರೆ.

ಇದರ ಲೆಕ್ಕವನ್ನು ಮೇಷ್ಟ್ರು ಬೋರ್ಡಿನ ಮೇಲೆ ಹಾಕಿ ಮಕ್ಕಳಿಗೆ ತೋರಿಸಬಹುದು. ಎದುರಿನವರು ಎಲೆ ಬಿಟ್ಟಾಗಲೆಲ್ಲ ಅವನಿಗೆ 15 ಲಾಭ. ಯಾರಾದರೂ ಎದುರು ನಿಂತಾಗಲೆಲ್ಲ ಕಟ್ಟಿದ 25 ಪೂರಾ ಹೋಯಿತು ಅಂತಿಟ್ಟುಕೊಳ್ಳಿ. ಎಂಟು ಸಲದಲ್ಲಿ ಐದು ಸಲ ಬಿಟ್ಟುಕೊಟ್ಟರೆ ಬಂದದ್ದು 75, ಹೋದದ್ದೂ 75. ಸರಿಗೆ ಸರಿ. ಆರು ಸಲ ಬಿಟ್ಟುಕೊಟ್ಟರೆ ಅವನಿಗೆ 40 ಲಾಭ. ನಾಲ್ಕೇ ಸಲ ಬಿಟ್ಟುಕೊಟ್ಟರೆ 40 ನಷ್ಟ. ಅಂದ್ರ ಅವನ ಗಳಿಕೆ ನಿಂತಿರೋದು ಅವನ ಎಲೆ ಮೇಲಲ್ಲ, ಎದುರಿನವರ “ಹೋಗಲಿ ಬಿಡು” ಮೇಲೆ.

ಹಂಗಾದರೆ ಇದು ಕಳ್ಳತನವೇ? ಆಟದೊಳಗೆ ಅಲ್ಲ ಅಂತ ನನ್ನ ಮಾತು. ಅದಕ್ಕೆ ಮೂರು ಕಾರಣ. ಒಂದು, ಕೂಡೋಕೆ ಮೊದಲೇ ಎಲ್ಲರಿಗೂ ಕಟ್ಟಳೆ ಗೊತ್ತು. ಎರಡು, ಜಾಗ ತಿರುಗುತ್ತದೆ. ಈ ಆಟಕ್ಕೆ ಕಡೇ ಜಾಗ ನಿನ್ನದು, ಮುಂದಿನ ಆಟಕ್ಕೆ ಪಕ್ಕದವನದು. ಈಗ ಎತ್ತಿಕೊಂಡವನು ಆಮೇಲೆ ಬ್ಲೈಂಡು ಇಡಲೇಬೇಕು. ಮೂರು, ಬ್ಯಾಡ ಅನ್ನಿಸಿದರೆ ಎದ್ದು ಹೋಗಬಹುದು. ನಮ್ಮ ಭಜನೆಯೂ ಹಂಗೇ. ದಮ್ಮಡಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಬೇಕು, ಪದ ಎತ್ತೋನು ಬದಲಾಗಬೇಕು. ರಾತ್ರಿಯೆಲ್ಲ ಒಬ್ಬನೇ ಎತ್ತಿ, ಉಳಿದವರು ಹಿಂದೆ ಹಾಡುತ್ತಲೇ ಇದ್ದರೆ ಅದು ಭಜನೆ ಅಲ್ಲ.

ಈ ಮೂರರಲ್ಲಿ ಒಂದು ತಪ್ಪಿದರೂ ಅದೇ ಆಟ ಕಳ್ಳತನ ಆಗ್ತೈತಿ. ಭಾರತದ ಸಭಾಪರ್ವ ನೆನಪು ಮಾಡಿಕೊಳ್ಳಿ. ಪಣ ದುರ್ಯೋಧನನದು, ದಾಳ ಶಕುನಿಯ ಕೈಯಲ್ಲಿ. ಕರೆದರೆ ಬರೋದಿಲ್ಲ ಅನ್ನೋದು ಕ್ಷತ್ರಿಯನಿಗೆ ತರವಲ್ಲ ಅಂತ ಧರ್ಮರಾಯ ಕುಂತ. ಎದ್ದು ಹೋಗೋ ದಾರಿ ತನಗಿಲ್ಲ ಅಂದುಕೊಂಡ. ಶಕುನಿಯ ಕೈಚಳಕಕ್ಕಿಂತ ಆ ಕಟ್ಟು ದೊಡ್ಡದು. ಎದ್ದು ಹೋಗಲಾರದವನ ಜೊತೆ ಆಡೋದು ಆಟವಲ್ಲ.

ಫೋನಿನ ಆಟವೂ ಅಂಥದ್ದೇ. ಆಡೋರಲ್ಲಿ ಯಾರು ಗೆದ್ದರೂ ಆಡಿಸೋ ಕಂಪನಿ ತನ್ನ ಪಾಲು ಮುರಕೊಳ್ತದೆ. ಅದು ಮಾತ್ರ ಒಂದು ಸಲವೂ ಬ್ಲೈಂಡು ಇಡೋದಿಲ್ಲ. ನಮ್ಮ ರಾಜ್ಯದಲ್ಲಿ ಹಿಂದಿನಿಂದಲೇ ಜೂಜಿನ ಕಾಯ್ದೆ ಐತಿ. ಆಮೇಲೆ ಅದನ್ನು ತಿದ್ದಿ ದುಡ್ಡು ಕಟ್ಟೋ ಆನ್‌ಲೈನ್ ಆಟವನ್ನೂ ಸೇರಿಸಿದರು. 2025ರ ಆಗಸ್ಟ್‌ನಲ್ಲಿ ಇಡೀ ದೇಶಕ್ಕೇ ಅಂಥ ಆಟ ನಿಲ್ಲಿಸೋ ಕಾಯ್ದೆ ಬಂತು. ನನ್ನ ಕೇಳಿದರೆ ಒಳ್ಳೇದೇ ಆಯಿತು.

ಆದರೆ ಕಾಯ್ದೆ ಕಣ್ಣಿಗೆ ಬೀಳದ ಆಟ ಒಂದೈತಿ. ಎಲೆ ನೋಡೋಕೆ ಮೊದಲೇ ದುಡ್ಡು ಇಡೋನು ಯಾರು? ರೈತ. 2024ರಲ್ಲಿ ಬಿಟಿ ಹತ್ತಿ ಬೀಜದ ಒಂದು ಪೊಟ್ಟಣಕ್ಕೆ ಸರ್ಕಾರ ಕಟ್ಟಿದ ಮೇಲ್ಬೆಲೆ 864 ರೂಪಾಯಿ. ಅದಕ್ಕೆ ಗೊಬ್ಬರ, ಔಷಧ, ಕಳೆ ತೆಗೆಯೋ ಕೂಲಿ ಕೂಡಿಸಿ. ಮಳೆ ಹೆಂಗ ಬೀಳ್ತದೋ, ಹುಳ ಬೀಳ್ತದೋ, ರೇಟು ಏನಾಗ್ತದೋ, ಒಂದೂ ನೋಡದೆ ಮಣ್ಣಿಗೆ ಹಾಕ್ತೀವಿ. ಇದು ನಮ್ಮ ಬ್ಲೈಂಡು. ಬೆಳೆ ಬಂದ ಮೇಲೆ ಹಳ್ಳಿಗೆ ಬಂದು ಕೊಳ್ಳೋನು ಕಡೇ ಜಾಗದಲ್ಲಿ ಕೂಡ್ತಾನೆ. ಹತ್ತಿ ಹಿಂಡಿ ನೋಡಿ, “ತೇವ ಐತಿ, ಕ್ವಿಂಟಾಲಿಗೆ ಒಂದು ಕಿಲೋ ತರುಗು” ಅಂತಾನೆ. ಒಂದು ಕಿಲೋ ತಾನೇ, ಹೋಗಲಿ ಬಿಡು ಅಂತೀವಿ. 2024-25ರಲ್ಲಿ ಉದ್ದ ಎಳೆ ಹತ್ತಿಗೆ ಬೆಂಬಲ ಬೆಲೆ 7,521 ರೂಪಾಯಿ. ಆ ಲೆಕ್ಕಕ್ಕೆ ಕಿಲೋ ಅಂದ್ರ 75 ರೂಪಾಯಿ. ಇಪ್ಪತ್ತು ಕ್ವಿಂಟಾಲಿಗೆ 1,504. ಹನಿಗೂಡಿದರೆ ಹಳ್ಳ.

ವ್ಯಾಪಾರಿಗೂ ನಷ್ಟ ಆಗೋದಿಲ್ವಾ ಅಂತ ಕೇಳಬಹುದು. ಆಗ್ತದೆ, ನಿಜ. ತೇವ ಇದ್ದ ಹತ್ತಿಗೆ ಪೂರಾ ರೇಟು ಕೇಳೋದೂ ನ್ಯಾಯ ಅಲ್ಲ. ಆದರೆ ಅವನು ಕಟ್ಟೋದು ಹತ್ತಿ ಕಣ್ಣಿಂದ ಕಂಡ ಮೇಲೆ, ನಾವು ಕಟ್ಟೋದು ಮುಗಿಲು ನೋಡಿ. ಮುಂದಿನ ವರ್ಷ ಜಾಗ ಬದಲಾಗೋದೂ ಇಲ್ಲ. ಅವನು ಅಲ್ಲೇ, ನಾವು ಇಲ್ಲೇ. ಆಟದಲ್ಲಿ ಜಾಣತನ ಆದದ್ದು ಇಲ್ಲಿ ಅನ್ಯಾಯ ಆಗೋದು ಇದಕ್ಕೇ.

ಮೂರೆಲೆ ಆಟದಲ್ಲಿ ಕೊನೆಗೆ ಇಬ್ಬರೇ ಉಳಿದಾಗ ಶೋ ಅಂತ ಒಂದೈತಿ. ದುಡ್ಡು ಕಟ್ಟಿ “ನಿನ್ನ ಎಲೆ ತೋರಿಸು” ಅಂತ ಕೇಳೋದು. ಕಾಟದ ಹತ್ರ ನಾವು ಮರೆತದ್ದು ಇದನ್ನೇ. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ತೇವ ನೂರಕ್ಕೆ 8 ಇದ್ದರೆ ಪೂರಾ ಬೆಲೆ, 12ರ ತನಕ ಅದಕ್ಕೆ ತಕ್ಕ ಕಡಿತ, ಅದಕ್ಕೂ ಮೇಲಿದ್ದರೆ ಕೊಳ್ಳೋದಿಲ್ಲ. ಅದಕ್ಕೆ ಮೀಟರ್ ಐತಿ. ಮೀಟರ್ ಇಟ್ಟು ತೋರಿಸಿ ಕಡಿದರೆ ಅದು ವ್ಯಾಪಾರ, ತಲೆಬಾಗಿ ಒಪ್ಪಬೇಕು. ಕೈಯಲ್ಲಿ ಹಿಂಡಿ ನೋಡಿ ಕಡಿದರೆ ಅದು ಏನೂ ಇಲ್ಲದ ಎಲೆ. ತೋರಿಸು ಅನ್ನಬೇಕು.

ಶೋ ಕೇಳೋಕೂ ದುಡ್ಡು ಕಟ್ಟಬೇಕು. ಅರ್ಧ ದಿನ ಹೋಗಬಹುದು, ಗಾಡಿ ಬಾಡಿಗೆ ಬೀಳಬಹುದು. ಅವನ ಹತ್ರ ಸಾಲ ಮಾಡಿದವನಿಗಂತೂ ಬಾಯಿ ಬಿಡೋಕೇ ಆಗೋದಿಲ್ಲ. ಅವನು ಎದ್ದು ಹೋಗಲಾರದವನು. ಅವನನ್ನು ಹೇಡಿ ಅನ್ನಬ್ಯಾಡ್ರಿ. ಎದ್ದು ಹೋಗೋ ಶಕ್ತಿ ಇದ್ದವರು, ಸಾಲ ಇಲ್ಲದವರು, ನಾಲ್ಕು ಅಕ್ಷರ ಬಲ್ಲವರು, ಅವರು ಅವನ ಪರವಾಗಿ ಶೋ ಕೇಳಬೇಕು. ನನ್ನ ಒಂದು ಕಿಲೋ ನಾನು ಬಿಟ್ಟರೆ ಅದು ನನ್ನ ದೊಡ್ಡತನ ಅಂತ ತಿಳಿದೀವಿ. ಅಲ್ಲ. ನಾನು ಬಿಟ್ಟದ್ದು ಊರಿಗೆಲ್ಲ ಕಟ್ಟಳೆ ಆಗಿ ಕೂಡ್ತದೆ.

ಎಲ್ಲರೂ ಪ್ರತಿ ಸಲ ಜಗಳಕ್ಕೆ ನಿಲ್ಲಬೇಕಿಲ್ಲ. ಎಲೆ ಆಟದ ಲೆಕ್ಕ ಕಾಟಕ್ಕೆ ಹಂಗಂಗೇ ಕೂಡೋದಿಲ್ಲ, ಆದರೆ ದಾರಿ ಅದೇ. ಎಂಟು ಮಂದಿಯಲ್ಲಿ ನಾಲ್ಕು ಮಂದಿ ಮೀಟರ್ ತೋರಿಸು ಅಂದರೆ, ಇಲ್ಲದಿದ್ದರೆ ಗಾಡಿ ತಿರುಗಿಸ್ತೀವಿ ಅಂದರೆ, ಕೈಯಲ್ಲಿ ಹಿಂಡೋನು ಮೀಟರ್ ತಂದೇ ತರ್ತಾನೆ. ಯಾಕಂದ್ರ ಅವನಿಗೂ ಹತ್ತಿ ಬೇಕು.

ಇನ್ನು ಕಡೇ ಜಾಗದಲ್ಲಿ ಕುಂತವರಿಗೆ ಒಂದು ಮಾತು. ನಾವೂ ಒಂದೊಂದು ಕಡೆ ಆ ಜಾಗದಲ್ಲಿ ಕುಂತೋರೇ. ಕೂಲಿಗೆ ಬಂದವರಿಗೆ ದುಡ್ಡು ಎಣಿಸಿ ಕೊಡೋವಾಗ ಹತ್ತು ರೂಪಾಯಿ ಹಿಡಿದುಕೊಂಡು “ಚಿಲ್ಲರೆ ಇಲ್ಲ” ಅನ್ನೋದೂ ಬ್ಲೈಂಡು ಕದಿಯೋದೇ. ಅವರೂ ಹೋಗಲಿ ಬಿಡು ಅಂತಾರೆ. ಎತ್ತಿಕೊಳ್ಳೋಕೆ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ನಾಳೆ ಈ ಜಾಗ ಅವರಿಗೆ ಬಿಟ್ಟುಕೊಟ್ಟು, ಅವರ ಜಾಗದಲ್ಲಿ ನಾನು ಕೂಡ್ತೀನೇನು? ಹೌದು ಅನ್ನೋ ಹಂಗಿದ್ದರೆ ಎತ್ತಿಕೊಳ್ಳಿ. ಇಲ್ಲ ಅಂದರೆ ಆ ಹತ್ತು ರೂಪಾಯಿ ಅಲ್ಲೇ ಇಡ್ರಿ.