ಹೆಸರು ಸರಿಯಿದೆ, ಬಾಯಿ ಸರಿಯಿದೆಯಾ?

ಇವತ್ತಿನ ಧ್ಯಾನಕ್ಕೆ ವಿಮೋಚನಕಾಂಡ 20ನೇ ಅಧ್ಯಾಯ, 7ನೇ ವಚನ ತೆಗೆಯಿರಿ. ಮೊಬೈಲಲ್ಲಿ ಓದೋರು ಮೊಬೈಲಲ್ಲೇ ಓದಿ, ಪರವಾಗಿಲ್ಲ. ಮೂರನೇ ಆಜ್ಞೆ. ದೇವರ ಹೆಸರನ್ನು ವ್ಯರ್ಥವಾಗಿ ಬಳಸಬಾರದು ಅನ್ನೋ ಆಜ್ಞೆ.

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ಹೇಳಿದ: "ಪಾಸ್ಟರ್, ಆಫೀಸಲ್ಲಿ ಊಟ ಮಾಡ್ತಾ ಇದ್ವಿ. ಒಬ್ಬ ಫ್ರೆಂಡ್, 'ದೇವನೊಬ್ಬ ನಾಮ ಹಲವು ಅಲ್ವೇನೋ, ನೀವ್ಯಾಕೆ ಒಂದೇ ಹೆಸರು ಹಿಡ್ಕೊಂಡು ಕೂತಿದ್ದೀರಾ?' ಅಂದ. ನನಗೆ ಏನೂ ಹೊಳೀಲಿಲ್ಲ. ಡಬ್ಬಿ ಮುಚ್ಚಿ ಎದ್ದು ಬಂದೆ." ಇದು ಅವನೊಬ್ಬನ ಪ್ರಶ್ನೆ ಅಲ್ಲ. ನಿಮ್ಮಲ್ಲಿ ತುಂಬಾ ಜನ ಹಾಗೇ ಡಬ್ಬಿ ಮುಚ್ಚಿ ಎದ್ದು ಬಂದಿದ್ದೀರಿ.

ಸ್ಕೂಲಲ್ಲಿ ಕಲಿತ ಕನ್ನಡ ವ್ಯಾಕರಣ ನೆನಪು ಮಾಡ್ಕೊಳ್ಳಿ. ನದಿ ಅನ್ನೋದು ರೂಢನಾಮ. ಕಾವೇರಿ ಅನ್ನೋದು ಅಂಕಿತನಾಮ. ಗುಣದಿಂದಲೋ ಕೆಲಸದಿಂದಲೋ ಬಂದ ಹೆಸರು ಅನ್ವರ್ಥನಾಮ. ದೇವರ ಹೆಸರುಗಳ ವಿಷಯದಲ್ಲಿ ನಮ್ಮ ಅರ್ಧ ಜಗಳ ಈ ಮೂರನ್ನು ಕಲಸಿಬಿಡೋದರಿಂದಲೇ ಬರುತ್ತೆ.

"ದೇವರು" ರೂಢನಾಮ. ನಮ್ಮ ಸತ್ಯವೇದದ ಮೊದಲನೇ ವಚನದಲ್ಲೇ ಆ ಪದ ಇದೆ. ಆದರೆ ಅದು ಸಭೆಯವರು ಹುಟ್ಟಿಸಿದ ಪದ ಅಲ್ಲ. ಸತ್ಯವೇದ ಕನ್ನಡಕ್ಕೆ ಬರೋ ಮುಂಚಿನಿಂದಲೂ ನಮ್ಮ ನೆರೆಯವರು ಕೈಮುಗಿದು ಹೇಳ್ತಿದ್ದ ಪದ ಅದು. "ಅಲ್ಲಾಹ್" ಅಂದ ಕೂಡಲೇ ನಮಗೆ ಮಸೀದಿ ಮಾತ್ರ ನೆನಪಾಗುತ್ತೆ. ಆದರೆ ಅರಬ್ಬೀ ಮಾತಾಡೋ ಕ್ರೈಸ್ತರು ಯೇಸುವಿನ ತಂದೆಯನ್ನು ಕರೆಯೋದು ಅದೇ ಪದದಿಂದ. 1865ರಲ್ಲಿ ಬೈರೂತಿನಲ್ಲಿ ಪೂರ್ತಿಯಾದ ಅರಬ್ಬೀ ಸತ್ಯವೇದದಲ್ಲೂ ಅದೇ ಇದೆ. ಮಲೇಷ್ಯಾದಲ್ಲಿ ಒಂದು ಕ್ಯಾಥೊಲಿಕ್ ಪತ್ರಿಕೆ ಈ ಪದ ಬಳಸಬಹುದು ಅಂತ 2009ರ ಡಿಸೆಂಬರ್ 31ರಂದು ಹೈಕೋರ್ಟ್ ತೀರ್ಪು ಕೊಟ್ಟಿತು. ಮುಂದಿನ ತಿಂಗಳೇ ಅಲ್ಲಿ ಚರ್ಚ್‌ಗಳ ಮೇಲೆ ಬೆಂಕಿ ಬಾಂಬ್ ಬಿತ್ತು. ಒಂದು ಪದಕ್ಕಾಗಿ!

ಇನ್ನು ಅಂಕಿತನಾಮ. ಉರಿಯುವ ಪೊದೆಯ ಮುಂದೆ ಮೋಶೆ ದೇವರ ಹೆಸರು ಕೇಳಿದ. ಹೀಬ್ರೂ ಗ್ರಂಥದಲ್ಲಿ ಆ ಹೆಸರು ನಾಲ್ಕು ಅಕ್ಷರ, ನಾಲ್ಕೂ ವ್ಯಂಜನ. ಹಳೆ ಒಡಂಬಡಿಕೆಯಲ್ಲಿ ಸುಮಾರು 6,800 ಸಲ ಬರುತ್ತೆ. ನಾವು "ಯೆಹೋವ" ಅಂತ ಓದ್ತೀವಿ. ಯೆಹೂದ್ಯರು ಭಯಭಕ್ತಿಯಿಂದ ಅದನ್ನು ಉಚ್ಚರಿಸೋದೇ ಇಲ್ಲ, ಅಲ್ಲಿಗೆ ಬಂದಾಗ "ಅದೋನಾಯ್", ಅಂದ್ರೆ "ನನ್ನ ಒಡೆಯ" ಅಂತ ಓದ್ತಾರೆ. ಹೊಸ ಒಡಂಬಡಿಕೆ ಬರೆದವರೂ ಆ ಹೀಬ್ರೂ ಶಬ್ದ ಇಡಲಿಲ್ಲ. ಗ್ರೀಕಿನಲ್ಲಿ "ಕುರಿಯೊಸ್" ಅಂತ ಬರೆದರು. ಅದೇ ನಮ್ಮ "ಕರ್ತನು". "ಯೇಸು" ಅನ್ನೋದು ಕೂಡ "ಯೇಶೂವ" ಅನ್ನೋ ಹೆಸರು ಗ್ರೀಕನ್ನು ದಾಟಿ ನಮ್ಮ ಬಾಯಿಗೆ ಬಂದ ರೂಪ. ಹಾಗಾದ್ರೆ ರಕ್ಷಣೆ ಉಚ್ಚಾರಣೆಯಲ್ಲಿ ಇಲ್ಲ. ಇದ್ದಿದ್ದರೆ ನಮ್ಮಲ್ಲಿ ಯಾರೂ ಉಳೀತಿರಲಿಲ್ಲ.

"ಅಂದ್ರೆ ಎಲ್ಲಾ ಒಂದೇ ತಾನೇ ಪಾಸ್ಟರ್?" ಸ್ವಲ್ಪ ತಾಳಿ. ಪೌಲನನ್ನು ನೋಡಿ. ಅಪೊಸ್ತಲರ ಕೃತ್ಯಗಳು 17ರಲ್ಲಿ, ಅಥೇನೆಯಲ್ಲಿ ಅವನು ಅವರದೇ ಕವಿಯ ಮಾತು ಎತ್ತಿಕೊಳ್ತಾನೆ. ಆ ಮಾತು ಅರಾತಸ್ ಅನ್ನೋ ಕವಿಯ ಕಾವ್ಯದಲ್ಲಿದೆ, ಆ ಕಾವ್ಯ ಶುರುವಾಗೋದೇ ಜೀಯಸ್ ಸ್ತುತಿಯಿಂದ. ಪೌಲನಿಗೆ ಅದರಲ್ಲಿ ಸತ್ಯದ ಒಂದು ಎಳೆ ಕಾಣಿಸಿತು, ನಾಚಿಕೊಳ್ಳದೆ ಹಿಡ್ಕೊಂಡ. ಗ್ರೀಕರ "ಥಿಯೊಸ್" ಅನ್ನೋ ರೂಢನಾಮವನ್ನೂ ಬಳಸಿದ. ಆದರೆ 14ನೇ ಅಧ್ಯಾಯದಲ್ಲಿ, ಲುಸ್ತ್ರದ ಜನ ಬಾರ್ನಬನನ್ನು ಜೀಯಸ್ ಅಂತ ಕರೆದು ಹೋರಿ ತಂದು ಬಲಿಕೊಡೋಕೆ ನಿಂತಾಗ, ಇಬ್ಬರೂ ಬಟ್ಟೆ ಹರ್ಕೊಂಡು ಓಡಿ ಬಂದು ತಡೆದರು. ಪದ ತಗೊಂಡರು, ಪೂಜೆ ತಗೊಳ್ಳಲಿಲ್ಲ. ಎರಡೂ ಒಂದೇ ಪುಸ್ತಕದಲ್ಲಿದೆ.

"ಎಲ್ಲಾ ಒಂದೇ" ಅನ್ನೋದು ಕೇಳೋಕೆ ದೊಡ್ಡ ಮನಸ್ಸಿನ ಮಾತು. ಆದರೆ ನಿಮ್ಮ ಮುಸ್ಲಿಂ ಗೆಳೆಯ ನಮಾಜಿನಲ್ಲಿ ಬಾಗುವಾಗ, ಸಿಖ್ ಗೆಳತಿ "ವಾಹೆಗುರು" ಅನ್ನುವಾಗ, "ನೀವು ನಿಜವಾಗಿ ಹೇಳ್ತಿರೋದು ನಾನು ಹೇಳೋದನ್ನೇ" ಅನ್ನೋಕೆ ನಾನ್ಯಾರು? ಅವರ ಮಾತು ಅವರಿಂದ ಕೇಳೋದು ಗೌರವ. ನನ್ನ ಮಾತು ನಾನು ಹೇಳೋದು ಸತ್ಯ. ಅಪೊಸ್ತಲರ ಕೃತ್ಯಗಳು 4:12ರಲ್ಲಿ ಪೇತ್ರ ಸಾರಿದ್ದನ್ನು ನಾನು ನಂಬ್ತೀನಿ: ಯೇಸುವಿನ ಹೆಸರಿನಲ್ಲೇ ರಕ್ಷಣೆ. ಅದರಿಂದ ಒಂದು ಹೆಜ್ಜೆಯೂ ಹಿಂದೆ ಸರಿಯೋದಿಲ್ಲ. ಆಮೆನ್?

ಈಗ ಆಮೆನ್ ಅಂದಿರಲ್ಲ, ನಿಮಗೇ ಒಂದು ಕಷ್ಟದ ಮಾತು. ಕೃತ್ಯಗಳು 19ರಲ್ಲಿ ಸ್ಕೇವನ ಏಳು ಮಂದಿ ಮಕ್ಕಳು ದೆವ್ವ ಬಿಡಿಸೋಕೆ ಹೋದರು. ಹೇಳಿದ ಹೆಸರು ಸರಿಯಾಗೇ ಇತ್ತು, ಯೇಸುವಿನ ಹೆಸರೇ. ಆದರೆ ಏಟು ತಿಂದು, ಬಟ್ಟೆಯಿಲ್ಲದೆ ಓಡಿಹೋದರು. ಹೆಸರು ಗೊತ್ತಿತ್ತು, ಹೆಸರಿನವನ ಪರಿಚಯ ಇರಲಿಲ್ಲ.

ಅವರನ್ನು ನೋಡಿ ನಾನು ನಗಲಾರೆ. ಬೈಬಲ್ ಕಾಲೇಜಿಗೆ ಸೇರಿದ ಹೊಸದು. ರಜೆ ಮುಗಿಸಿ ಊರಿಂದ ಹೊರಟಿದ್ದೆ. ನಮ್ಮಜ್ಜಿ, ಚಾಮರಾಜನಗರದ ಕಡೆಯವರು, ಮಲೆ ಮಾದೇಶ್ವರನ ಒಕ್ಕಲು. ಬಸ್ ಹತ್ತೋ ಮುಂಚೆ ನನ್ನ ತಲೆ ಮೇಲೆ ಕೈಯಿಟ್ಟು, "ಹೋಗ್ಬುಟ್ಟು ಬಾ ಕೂಸು, ಮಾದಪ್ಪ ನಿನ್ನ ಚೆಂದಾಗಿ ಮಡಗಿರ್ಲಿ" ಅಂದರು. ನಾನು ಆ ಕೈ ತಳ್ಳಿದೆ. "ಆ ಹೆಸರು ಹೇಳ್ಬೇಡ ಅಜ್ಜಿ, ಯೇಸುವಿನ ಹೆಸರಲ್ಲಿ ಅದನ್ನ ಗದರಿಸ್ತೀನಿ" ಅಂದೆ. ಅಜ್ಜಿ ಏನೂ ಅನ್ನಲಿಲ್ಲ. ತಪ್ಪು ಮಾಡಿದವರ ಹಾಗೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಮುಂದಿನ ವರ್ಷ ತೀರಿಕೊಂಡರು. ನಾನು ಕ್ಷಮೆ ಕೇಳಿರಲಿಲ್ಲ. ಅವರು ಮಾಡಿದ್ದು ಆಶೀರ್ವಾದ, ಅವರಿಗೆ ಗೊತ್ತಿದ್ದ ಹೆಸರಲ್ಲಿ. ನಾನು ಮಾಡಿದ್ದು ಗಾಯ, ಎಲ್ಲಾ ಹೆಸರಿಗಿಂತ ಮೇಲಾದ ಹೆಸರಲ್ಲಿ. ನಮ್ಮಜ್ಜಿ ನನ್ನ ಬಾಯಿಂದ ಯೇಸುವಿನ ಹೆಸರು ಕೇಳಿದ್ದು ಅದೊಂದೇ ಸಲ.

ಈಗ ಆಜ್ಞೆಗೆ ವಾಪಸ್ ಬನ್ನಿ. ಮೂರನೇ ಆಜ್ಞೆಯನ್ನು ದೇವರು ಐಗುಪ್ತದವರಿಗೆ ಕೊಡಲಿಲ್ಲ. ಹೆಸರು ಗೊತ್ತಿದ್ದವರಿಗೆ ಕೊಟ್ಟ. ಅಲ್ಲಿರೋ ಹೀಬ್ರೂ ಕ್ರಿಯಾಪದಕ್ಕೆ ಎತ್ತು, ಹೊರು ಅನ್ನೋ ಅರ್ಥ ಇದೆ. ಬಾಯಲ್ಲಿ ಹೇಳೋದು ಮಾತ್ರ ಅಲ್ಲ, ಆ ಹೆಸರನ್ನು ಹೊತ್ತು ತಿರುಗೋದು. ಅವತ್ತು ಬಸ್ ಸ್ಟ್ಯಾಂಡಲ್ಲಿ ದೇವರ ಹೆಸರನ್ನು ವ್ಯರ್ಥಮಾಡಿದವನು ನಾನು, ಅಜ್ಜಿ ಅಲ್ಲ.

ಅನ್ವರ್ಥನಾಮ ಒಂದು ಬಾಕಿ ಉಳೀತು. ಆದಿಕಾಂಡ 16. ಹಾಗರಳು ಐಗುಪ್ತದ ದಾಸಿ, ಬಸುರಿ. ಅಬ್ರಾಮನ ಮನೆಯಲ್ಲಿ, ದೇವರನ್ನು ಬಲ್ಲವರ ಮನೆಯಲ್ಲೇ, ಕಾಟ ತಡೀಲಾರದೆ ಓಡಿಹೋಗಿ ಅಡವಿಯ ಬುಗ್ಗೆ ಹತ್ತಿರ ಕೂತಿದ್ದಳು. ದೇವರೇ ಅವಳನ್ನು ಹುಡುಕಿಕೊಂಡು ಬಂದ. ಅವಳು ಅವನಿಗೊಂದು ಹೆಸರಿಟ್ಟಳು: ನನ್ನನ್ನು ನೋಡುವ ದೇವರು. ಆ ಹೆಸರು ಅಬ್ರಾಮನಿಂದ ಬರಲಿಲ್ಲ, ಅವನ ಮನೆ ಬಿಟ್ಟು ಓಡಿದವಳಿಂದ ಬಂತು. ನಮ್ಮಜ್ಜಿಯ ವಿಷಯದಲ್ಲಿ ತೀರ್ಪು ಹೇಳೋ ಕೆಲಸ ನನ್ನದಲ್ಲ. ಸೊದೋಮಿಗಾಗಿ ಬೇಡುವಾಗ ಅಬ್ರಹಾಮ ನಂಬಿದ್ದನ್ನೇ ನಾನೂ ನಂಬ್ತೀನಿ: ಲೋಕಕ್ಕೆಲ್ಲಾ ನ್ಯಾಯಾಧಿಪತಿಯಾದವನು ಅನ್ಯಾಯ ಮಾಡೋದಿಲ್ಲ. ಅಜ್ಜಿಯನ್ನೂ ನೋಡಿದ್ದಾನೆ. ಬಸ್ ಸ್ಟ್ಯಾಂಡಲ್ಲಿ ನನ್ನನ್ನೂ ನೋಡಿದ್ದಾನೆ.

ಹಾಗಾಗಿ ತಮ್ಮ, ನಾಳೆ ಡಬ್ಬಿ ಮುಚ್ಚಬೇಡ. ಕೂತು ಊಟ ಮುಗಿಸು. "ನೀನು ಆ ಹೆಸರು ಹೇಳುವಾಗ ನಿನ್ನ ಮನಸ್ಸಲ್ಲಿ ಯಾರಿರ್ತಾರೆ?" ಅಂತ ಕೇಳು, ಕೇಳಿಸ್ಕೋ. ಆಮೇಲೆ ಯೇಸು ನಿನಗೆ ಏನು ಮಾಡಿದ ಅಂತ ಹೇಳು. ಒಂದೇ ಹೆಸರು ಯಾಕೆ ಅನ್ನೋದಕ್ಕೆ ಅದೇ ಉತ್ತರ. ಮನೆಯಲ್ಲಿ ಬೇರೆ ಹೆಸರು ಹೇಳೋ ಅಜ್ಜಿ, ಅಮ್ಮ ಇರೋರು ಇವತ್ತೇ ಫೋನ್ ಮಾಡಿ. ನನಗೆ ಆ ಅವಕಾಶ ಇಲ್ಲ, ನಿಮಗಿದೆ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿನ್ನ ಮಗನ ಹೆಸರನ್ನು ನಮಗೆ ಕೊಟ್ಟಿದ್ದಕ್ಕೆ ಸ್ತೋತ್ರ. ಅದನ್ನು ಕಲ್ಲಿನ ಹಾಗೆ ಎಸೆದ ನಮ್ಮನ್ನು ಕ್ಷಮಿಸು. ನೀರಿನ ಹಾಗೆ ಹೊತ್ತುಕೊಂಡು ಹೋಗೋದನ್ನು ಕಲಿಸು. ಪ್ರತಿ ಪ್ರಾರ್ಥನೆಯ ಕೊನೆಯಲ್ಲಿ ರೂಢಿಯಿಂದ ಹೇಳೋ ಮಾತನ್ನು ಇವತ್ತು ಭಯದಿಂದಲೂ ಪ್ರೀತಿಯಿಂದಲೂ ಹೇಳ್ತಾ ಇದ್ದೇವೆ: ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.