ತಾಳ್ಮೆಗೆ ಕೂಲಿ ಎಷ್ಟು?

ರೇಷ್ಮೆ ಹುಳು ಜ್ವರಕ್ಕೆ ಕೂತಾಗ ಸೊಪ್ಪು ಕೊಡಬಾರದು. ತಲೆಯೆತ್ತಿ ಅಲ್ಲಾಡದೆ ನಿಂತ ಹುಳು ಹಳೇ ಪೊರೆ ಕಳಚಿ ಎದ್ದ ಮೇಲೆಯೇ ಮುಂದಿನ ಊಟ. ಹೇಳುವುದಕ್ಕೆ ಇಷ್ಟೇ. ಆದರೆ ಒಂದು ತಟ್ಟೆಯಲ್ಲಿರುವ ಸಾವಿರಾರು ಹುಳುಗಳು ಒಟ್ಟಿಗೇ ಏಳುವುದಿಲ್ಲ. ಮೊದಲು ಎದ್ದವು ಹಸಿದು ಹರಿದಾಡುತ್ತಿರುತ್ತವೆ, ಕೆಲವು ಇನ್ನೂ ಅರ್ಧ ಪೊರೆಯಲ್ಲೇ ಇರುತ್ತವೆ. ಹಸಿದವುಗಳ ಮೇಲೆ ಕನಿಕರಪಟ್ಟು ಬೇಗ ಸೊಪ್ಪು ಹಾಕಿದರೆ ಹಿಂದುಳಿದವು ಅದರಡಿ ಸಿಕ್ಕಿಕೊಂಡು ಹಿಂದೆಯೇ ಉಳಿಯುತ್ತವೆ. ದಪ್ಪದವೂ ಸಣ್ಣವೂ ಬೆರೆತು ಗೂಡು ಕಟ್ಟುವ ಹೊತ್ತಿಗೆ ಇಡೀ ಬೆಳೆ ಏರುಪೇರಾಗುತ್ತದೆ. ತೀರಾ ತಡಮಾಡಿದರೆ ಎದ್ದವು ಬಳಲಿ ರೋಗಕ್ಕೆ ಬಾಯಿ ತೆರೆಯುತ್ತವೆ. ಸೊಪ್ಪು ಹಾಕಬೇಕಾದ ಆ ಗಳಿಗೆ ಯಾವುದು ಎಂಬುದನ್ನು ಗೋಡೆಗೆ ತೂಗುಹಾಕಿದ ಉಷ್ಣಮಾಪಕ ಹೇಳಲಾರದು. ತಟ್ಟೆಯನ್ನು ಬೆಳಕಿಗೆ ಎಳೆದು, ಬಗ್ಗಿ ನೋಡಿ, “ಇನ್ನೊಂದ್ ಗಳುಗ ತಡೀರಿ, ಇನ್ನೂ ಎಲ್ಲಾ ಎದ್ದಿಲ್ಲ ಕನಾ” ಎನ್ನುವ ಹೆಂಗಸು ಹೇಳುತ್ತಾಳೆ.

ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರು, ಸಂತೇಮರಹಳ್ಳಿ ಸೀಮೆಯ ಹುಳುಮನೆಗಳಲ್ಲಿ ಈ ಮಾತು ಹೇಳುವವಳು ಎಷ್ಟೋ ಸಲ ಮನೆಯೊಡತಿ, ಎಷ್ಟೋ ಸಲ ಕೂಲಿಗೆ ಬಂದವಳು. ಇಬ್ಬರ ಪಾಡೂ ಹೆಚ್ಚುಕಡಿಮೆ ಒಂದೇ. ಗೂಡು ಚೀಲ ತುಂಬಿ ಮಾರುಕಟ್ಟೆಗೆ ಹೋದಾಗ ಹರಾಜಿನಲ್ಲಿ ಇರುವುದು ಗಂಡಸಿನ ಹೆಸರು, ದುಡ್ಡು ಬೀಳುವುದು ಅವನ ಖಾತೆಗೆ. ಕೂಲಿಗೆ ಬಂದವಳಿಗೆ ಹೆಣ್ಣಾಳಿನ ಕೂಲಿ. ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಎಂಬ ವಾಡಿಕೆಯನ್ನು 1976ರ ಸಮಾನ ವೇತನ ಕಾಯ್ದೆ ಕಾಗದದ ಮೇಲೆ ಅಳಿಸಿತು. ಹೊಲಗದ್ದೆಗಳಲ್ಲಿ ಆ ವಾಡಿಕೆ ಇನ್ನೂ ನಡೆದೇ ಇದೆ. “ಅದೇನ್ ಮಹಾ ಕೆಲ್ಸ ಬುಡಕ್ಕ, ತಟ್ಟೆ ಮುಂದೆ ಕೂತು ಕೈಯಾಡ್ಸದಷ್ಟೇಯ” ಎಂದುಬಿಟ್ಟರೆ ಮುಗಿಯಿತು.

ಈ ತಾತ್ಸಾರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹೊಗಳಿಕೆ. ಹೆಂಗಸರಿಗೆ ತಾಳ್ಮೆ ಹುಟ್ಟಿನಿಂದಲೇ ಬಂದದ್ದು, ಅವರ ಕೈಗುಣ ಒಳ್ಳೆಯದು, ಅವರು ಮುಟ್ಟಿದರೆ ಬೆಳೆ ಕೆಡುವುದಿಲ್ಲ. ಕೇಳುವುದಕ್ಕೆ ಹಿತವಾಗಿರುತ್ತದೆ. ಆದರೆ ಹುಟ್ಟಿನಿಂದ ಬಂದದ್ದಕ್ಕೆ ಯಾರು ಕೂಲಿ ಕೊಡುತ್ತಾರೆ? ಇಪ್ಪತ್ತು ವರ್ಷ ಹುಳುವಿನ ಮುಂದೆ ಬಗ್ಗಿ, ಸಪ್ಪೆರೋಗಕ್ಕೂ ಹಾಲುರೋಗಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಳತೆಯಲ್ಲೇ ಕಲಿತುಕೊಂಡದ್ದನ್ನು ಸ್ವಭಾವ ಎಂದು ಕರೆದ ಕೂಡಲೇ ಅದು ವಿದ್ಯೆಯಾಗಿ ಉಳಿಯುವುದಿಲ್ಲ, ಅದಕ್ಕೆ ಬೆಲೆ ಕಟ್ಟುವ ಪ್ರಶ್ನೆಯೂ ಏಳುವುದಿಲ್ಲ. ಹೆಣ್ಣಿನ ತಾಳ್ಮೆಯನ್ನು ಹೊಗಳುತ್ತಲೇ ಅದನ್ನು ಬಿಟ್ಟಿಯಾಗಿ ಪಡೆದುಕೊಂಡದ್ದು ಈ ನಾಡಿನ ಬಹಳ ಹಳೆಯ ಅನ್ಯಾಯ.

ಕಾರ್ಖಾನೆಗಳಲ್ಲೂ ಹೀಗೆಯೇ. ಸಂತೇಮರಹಳ್ಳಿ, ಮಾಂಬಳ್ಳಿ, ಮುಡಿಗುಂಡಗಳ ರೇಷ್ಮೆ ಕಾರ್ಖಾನೆಗಳ ಹೆಸರು ಈ ಭಾಗದವರಿಗೆ ಗೊತ್ತು. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹಿಡಿದು, ಎಂಟು ಹತ್ತು ಗೂಡಿನ ಎಳೆ ಕೂಡಿಸಿ ಒಂದು ನೂಲು ತೆಗೆಯಬೇಕು. ನಡುವೆ ಒಂದು ಗೂಡಿನ ಎಳೆ ಮುಗಿದರೆ ಆ ಕ್ಷಣವೇ ಇನ್ನೊಂದನ್ನು ಸೇರಿಸಬೇಕು, ಇಲ್ಲದಿದ್ದರೆ ನೂಲು ಅಲ್ಲಿ ತೆಳ್ಳಗಾಗುತ್ತದೆ. ಬೆರಳ ತುದಿಯ ಚರ್ಮ ಬಿಳುಚಿ ಸುಲಿಯುವವರೆಗೂ ಹೆಂಗಸರು ಈ ಕೆಲಸ ಮಾಡಿದ್ದಾರೆ. ಮಗ್ಗದವನ ಹೆಸರು, ಅಂಗಡಿಯವನ ಹೆಸರು, ಸೀರೆಯ ಹೆಸರು ಲೋಕಕ್ಕೆ ಗೊತ್ತು. ನೂಲು ತೆಗೆದವಳ ಹೆಸರು ಯಾವ ರಸೀದಿಯಲ್ಲೂ ಇಲ್ಲ. ಹನ್ನೆರಡನೆಯ ಶತಮಾನದ ಶರಣೆ ಕದಿರೆ ರೆಮ್ಮವ್ವೆ ನೂಲುವವಳು. ಅವಳ ಕಾಯಕ ಅವಳ ಹೆಸರಿನಲ್ಲೇ ನಿಂತಿದೆ. ಎಂಟುನೂರು ವರ್ಷ ಕಳೆದ ಮೇಲೆ ನಾವು ಆ ಹೆಸರನ್ನೂ ತೆಗೆದು, ‘ಲೇಬರ್’ ಎಂಬ ಒಂದೇ ಸಾಲಿನೊಳಗೆ ಎಲ್ಲರನ್ನೂ ಸೇರಿಸಿಬಿಟ್ಟೆವು.

ಹಾಗಾಗಿ ಹೆಣ್ಣುಮಗಳೊಬ್ಬಳು ಕೂಲಿ ಬಿಟ್ಟು ಸ್ವಂತಕ್ಕೆ ಏನಾದರೂ ಶುರು ಮಾಡಿದಾಗ ನನಗೆ ಅದು ಬರೀ ಹಣಕಾಸಿನ ಸಂಗತಿಯಾಗಿ ಕಾಣುವುದಿಲ್ಲ. ತನಗೇನು ಗೊತ್ತು ಎಂಬುದನ್ನು ಅವಳು ಮೊದಲ ಸಲ ತನ್ನ ಬಾಯಿಂದಲೇ ಹೇಳುತ್ತಿದ್ದಾಳೆ. ಎಳೆಹುಳು ಸಾಕುವ ಚಾಕಿ ಕೇಂದ್ರವನ್ನೇ ನೋಡಿ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರದವರೆಗೆ, ಸುಮಾರು ಒಂದು ವಾರ, 27–28 ಡಿಗ್ರಿ ಶಾಖ ಮತ್ತು ನೂರಕ್ಕೆ 80–90ರಷ್ಟು ತೇವದಲ್ಲಿ, ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ ಬೆಳೆಸಿ, ಆಮೇಲೆ ರೈತರಿಗೆ ಮಾರುವುದು. ಕೇಂದ್ರ ರೇಷ್ಮೆ ಮಂಡಳಿಯ ನೋಂದಣಿ ಬೇಕು. ಮೈಸೂರಿನಲ್ಲಿರುವ ಮಂಡಳಿಯ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಸಿಗುತ್ತದೆ. ಆದರೆ ಇಡೀ ವ್ಯಾಪಾರ ನಿಂತಿರುವುದು ಜ್ವರ ಎದ್ದದ್ದನ್ನು ಗುರುತಿಸುವ ಆ ಕಣ್ಣಿನ ಮೇಲೆ. ಎಳೆಯದರಲ್ಲಿ ಕೆಟ್ಟ ಹುಳುವನ್ನು ಮುಂದೆ ಯಾರೂ ಸರಿಮಾಡಲಾರರು. ರೈತ ಅಲ್ಲಿ ಹಣ ಕೊಡುವುದು ಆ ಭರವಸೆಗೆ. ನೆನ್ನೆಯವರೆಗೆ ದಿನಗೂಲಿಯೊಳಗೆ ಬಿಟ್ಟಿಯಾಗಿ ಸೇರಿಹೋಗುತ್ತಿದ್ದದ್ದೇ ಇಲ್ಲಿ ಮಾರಾಟದ ಸರಕು.

ದೊಡ್ಡ ಊರಿನಲ್ಲಿ, ದೊಡ್ಡ ಪ್ರಮಾಣದಲ್ಲಿ ಆದದ್ದೂ ಇದೇ. ಬೆಂಗಳೂರಿನ ಕಿರಣ್ ಮಜುಂದಾರ್ ಆಸ್ಟ್ರೇಲಿಯದ ಬ್ಯಾಲರಟ್‌ನಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು 1975ರಲ್ಲಿ ಅರ್ಹತೆ ಪಡೆದರು. ಊರಿಗೆ ಬಂದರೆ, ಅದು ಗಂಡಸರ ಕೆಲಸ ಎಂದು ಯಾವ ಬ್ರೂವರಿಯೂ ಮುಖ್ಯ ಹುದ್ದೆ ಕೊಡಲಿಲ್ಲ. ಹುದುಗು ಬರಿಸುವ ಅದೇ ವಿದ್ಯೆಯನ್ನು ಕಿಣ್ವಗಳ ಕಡೆ ತಿರುಗಿಸಿ 1978ರಲ್ಲಿ, ಒಂದು ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಕಂಪನಿ ಶುರು ಮಾಡಿದರು. ಮೊದಲ ಸರಕುಗಳಲ್ಲಿ ಒಂದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೈನ್. ಹೆಣ್ಣೆಂದು, ಚಿಕ್ಕ ವಯಸ್ಸೆಂದು ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡಿದ್ದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಅವರಿಗೆ ಇಂಗ್ಲಿಷ್ ಇತ್ತು, ಪದವಿ ಇತ್ತು, ಬೆಂಗಳೂರು ಇತ್ತು. ಉಮ್ಮತ್ತೂರಿನ ಹೆಣ್ಣಿಗೆ ಅವು ಯಾವುವೂ ಇಲ್ಲ ಎಂಬುದನ್ನು ಮರೆತು ಇಂಥ ಕಥೆಗಳನ್ನು ಅವಳ ಮುಂದೆ ಸ್ಫೂರ್ತಿಯೆಂದು ಇಡಬಾರದು. ಚಾಮರಾಜನಗರ ಜಿಲ್ಲೆಯ ಯುವತಿಯೊಬ್ಬಳು ಬಾಳೆಯಿಂದ ಸ್ವಂತ ಉದ್ಯೋಗ ಕಟ್ಟಿಕೊಂಡದ್ದು ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಬಂತು. ನಮ್ಮ ಹೆಣ್ಣುಮಕ್ಕಳಿಗೆ ಆ ದಾರಿ ಇನ್ನೂ ಹತ್ತಿರದ್ದು. ಗೊನೆ ಕಡಿದ ಮೇಲೆ ತೋಟದ ಬದುವಿಗೆ ಎಸೆಯುವ ದಿಂಡನ್ನು ದಿನಾ ನೋಡಿದವರು, ಹೊತ್ತು ಸಾಗಿಸಿದವರು ಅವರೇ ತಾನೆ.

ಶುರು ಮಾಡುವುದಕ್ಕಿಂತ ಕಷ್ಟದ ಗಳಿಗೆ ಇನ್ನೊಂದಿದೆ. ಅದು ಬೆಲೆ ಹೇಳುವ ಗಳಿಗೆ. ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿದ್ದವಳು ಊರಿಗೆ ಮರಳಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡಳು ಎನ್ನಿ. ತಾಸಿಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿನ ನಡುವೆ ಬಿಟ್ಟುಹೋದ ಒಂದು ಹೊಲಿಗೆಯನ್ನು, ಅರ್ಧ ನೂಲಿನಷ್ಟು ಸರಿದ ಕಾಲರನ್ನು ಹಿಡಿಯುತ್ತಿದ್ದ ಕಣ್ಣು ಅವಳದು. ಅವಳು ಹೊಲಿದ ರವಿಕೆಯ ತೋಳು ಎರಡೂ ಕಡೆ ಸಮ ಕೂರುತ್ತದೆ, ಒಳಗಿನ ಅಂಚು ಬಿಚ್ಚುವುದಿಲ್ಲ. ಅಳತೆ ಕೊಡಲು ಬಂದವರು ಅದನ್ನೆಲ್ಲಾ ಮೆಚ್ಚುತ್ತಾರೆ. ಆಮೇಲೆ ದರದ ಮಾತು.

“ಎಷ್ಟಾಯ್ತು ಹೇಳು ಕೂಸೇ.”

“ಇನ್ನೂರು ಕೊಡಿ ದೊಡ್ಡವ್ವ.”

“ಅಯ್ಯೋ, ಇನ್ನೂರಾ! ನಮ್ಮೋಳು ಅಂತ ನಿನ್ ತಾವ್ಕೆ ಬಂದ್ರೆ ಇನ್ನೂರು ಅಂತೀಯಲ್ಲ. ಮನೇಲಿ ಕೂತ್ಕಂಡು ಹೊಲ್ಯದು ತಾನೆ?”

ಇಲ್ಲಿ ಅವಳ ಬಾಯಿ ಕಟ್ಟಿಹೋಗುತ್ತದೆ. ನೂಲಿನ ಖರ್ಚು, ಲೈನಿಂಗ್ ಬಟ್ಟೆಯ ಖರ್ಚು, ಕರೆಂಟ್ ಖರ್ಚು ಅವಳು ಲೆಕ್ಕ ಹಾಕಿರುತ್ತಾಳೆ. ತನ್ನ ಹೊತ್ತನ್ನು ಹಾಕಿರುವುದಿಲ್ಲ. ತನ್ನ ಕಣ್ಣನ್ನಂತೂ ಹಾಕಿರುವುದೇ ಇಲ್ಲ. ಕಾರ್ಖಾನೆಯಲ್ಲಿ ಯಾರೂ ಹಾಕದ ಲೆಕ್ಕವನ್ನು ತಾನೂ ಹಾಕದೆ, “ಆಯ್ತು ಬುಡಿ, ನೂರೈವತ್ತು ಕೊಡಿ” ಎಂದುಬಿಡುತ್ತಾಳೆ. ಅಲ್ಲಿ ಮಾಲೀಕ ಮಾಡುತ್ತಿದ್ದದ್ದನ್ನು ಇಲ್ಲಿ ಅವಳೇ ತನಗೆ ಮಾಡಿಕೊಂಡಂತಾಯಿತು. ನಂಟಿನ ಸಲಿಗೆ ನಮ್ಮ ಹಳ್ಳಿಗಳ ದೊಡ್ಡ ಆಸ್ತಿ, ಅದನ್ನು ನಾನು ಹಗುರ ಮಾಡುವುದಿಲ್ಲ. ಬಾಣಂತಿಗೆ, ತೀರಾ ಬಡವಳಿಗೆ ಅವಳು ದುಡ್ಡೇ ಇಲ್ಲದೆ ಹೊಲಿದು ಕೊಡಬಹುದು, ಕೊಡುತ್ತಾಳೆ ಕೂಡ. ಅದು ದಾನ, ತಿಳಿದು ಕೊಟ್ಟದ್ದು. ಕೇಳಲು ನಾಚಿ ಬಿಟ್ಟುಕೊಟ್ಟದ್ದನ್ನು ದಾನವೆಂದು ಹೇಳಿಕೊಂಡು ಸಮಾಧಾನಪಟ್ಟುಕೊಳ್ಳಬಾರದು. ಇನ್ನೂರು ಎಂದ ಮೇಲೆ ತುಸು ಹೊತ್ತು ಸುಮ್ಮನೆ ನಿಲ್ಲುವುದನ್ನು ಅವಳು ಕಲಿಯಬೇಕು. ಯಂತ್ರದ ಕಂತು ಕಟ್ಟುವುದಕ್ಕಿಂತ ಆ ಮೌನ ಕಷ್ಟ.

ಇನ್ನು ಸಹಿಯ ಮಾತು. ಮಲೆಮಹದೇಶ್ವರನ ಕಥೆಯನ್ನು ಕಂಸಾಳೆಯವರು ಹಾಡುವಾಗ ಸಂಕಮ್ಮನ ಸಾಲು ಬಂದರೆ ಇಂದಿಗೂ ಹೆಂಗಸರ ಕಣ್ಣು ತುಂಬುತ್ತದೆ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಅವಳನ್ನು ನಂಬದೆ ಭಾಷೆ ಕೊಡು ಎನ್ನುತ್ತಾನೆ. ಒಪ್ಪದ ಅವಳನ್ನು ಹಿಂಸೆಪಡಿಸಿ ಬಿಟ್ಟುಹೋಗುತ್ತಾನೆ. ಸಾಲದ ಅರ್ಜಿ ಹಿಡಿದ ಹೆಂಗಸಿನ ಎದುರು ‘ಸಹಿಗೆ ಯಜಮಾನ್ರನ್ನ ಕರ್ಕೊಂಡು ಬನ್ನಿ’ ಎಂಬ ಮಾತು ಬಂದಾಗಲೆಲ್ಲ ನನಗೆ ಸಂಕಮ್ಮನ ನೆನಪಾಗುತ್ತದೆ. ಪಹಣಿ ಗಂಡನ ಹೆಸರಿನಲ್ಲಿ, ಅವನಿಲ್ಲದಿದ್ದರೆ ಮಾವನ ಹೆಸರಿನಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ 2005ರಲ್ಲಿ. ಆದರೂ ಎಷ್ಟೋ ಅಕ್ಕತಂಗಿಯರು ತವರು ಮುರಿಯಬಾರದೆಂದು ಹಕ್ಕು ಬಿಟ್ಟುಕೊಟ್ಟು ಬಂದಿದ್ದಾರೆ. ಅಡಮಾನಕ್ಕಿಡಲು ಅವರ ಬಳಿ ಉಳಿದದ್ದು ಕಿವಿಯ ಓಲೆ.

ಹೆಂಗಸರ ಸ್ವಸಹಾಯ ಸಂಘಗಳು ಹುಟ್ಟಿದ್ದು ಈ ಕೊರತೆಯಿಂದಲೇ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಸಣ್ಣ ಗುಂಪುಗಳ ಅನುಭವ ಮುಂದೆ ನಬಾರ್ಡ್ 1992ರಲ್ಲಿ ಶುರು ಮಾಡಿದ ಬ್ಯಾಂಕ್ ಜೋಡಣೆಗೆ ದಾರಿಯಾಯಿತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಯಾರು ಮಾತಿಗೆ ತಪ್ಪುವುದಿಲ್ಲ, ಯಾರ ಮನೆಯಲ್ಲಿ ಯಾವ ತಿಂಗಳು ಕೈ ಬರಿದು ಎಂಬ ಅರಿವೇ ಅಲ್ಲಿ ಆಧಾರವಾಯಿತು. ಬಾವಿಕಟ್ಟೆಯ ಹರಟೆಯೆಂದು ಕಡೆಗಣಿಸಿದ್ದ ತಿಳಿವಳಿಕೆಯನ್ನು ಬ್ಯಾಂಕು ಜಾಮೀನೆಂದು ಒಪ್ಪಿಕೊಂಡಿತು.

ಆದರೆ ಅದೇ ಮರ್ಯಾದೆಯ ಭಯವನ್ನು ಹಿಂಡಿ ಬದುಕುವ ಸಾಲವೂ ಹಿಂದೆಯೇ ಬಂತು. 2025ರ ಜನವರಿಯಲ್ಲಿ ಕಿರುಸಾಲ ಕಂಪನಿಗಳ ವಸೂಲಿಯ ಕಾಟಕ್ಕೆ ಚಾಮರಾಜನಗರ ಸೀಮೆಯ ಮನೆಗಳಿಗೆ ಬೀಗ ಬಿದ್ದ ಸುದ್ದಿ ಓದಿ ನಾಡು ತಲೆತಗ್ಗಿಸಿತು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಟಿತು. ವಾರದ ಕಂತು ಕಟ್ಟಲು ಮತ್ತೊಂದು ಸಾಲ ಮಾಡಿದ ಹೆಂಗಸರಲ್ಲಿ ‘ಸ್ವಂತ ಉದ್ಯೋಗ’ ಎಂದು ಅರ್ಜಿಯಲ್ಲಿ ಬರೆಸಿದವರು ಎಷ್ಟು ಜನವೋ. ಕೂಲಿ ಕಡಿಮೆಯಾಯಿತೇ, ಹಾಗಾದರೆ ಉದ್ಯಮಿಯಾಗು ಎಂದು ಹೇಳುವುದು ಸುಲಭ. ಹುಳು ಸಾಕುವ ಎಲ್ಲರೂ ಚಾಕಿ ಕೇಂದ್ರ ತೆರೆಯಲಾರರು, ತೆರೆಯಬೇಕಾಗಿಯೂ ಇಲ್ಲ. ಕೂಲಿಯಲ್ಲೇ ಉಳಿಯುವವಳ ಕಣ್ಣಿಗೂ ಬೆಲೆ ಸಿಗಬೇಕು. ಅದು ಸಿಗುವವರೆಗೆ ಒಬ್ಬಿಬ್ಬರು ಹೊರಬಂದು ಗೆದ್ದ ಕಥೆಗಳನ್ನು ಹೇಳಿ ಉಳಿದವರ ಕೂಲಿಯ ಪ್ರಶ್ನೆಯನ್ನು ಮುಚ್ಚಲು ನಾನು ಒಪ್ಪುವುದಿಲ್ಲ.

ಹೊರಬಂದವಳ ಎದುರಿಗೂ ಈ ಪ್ರಶ್ನೆ ಬೇಗ ಬಂದು ನಿಲ್ಲುತ್ತದೆ. ಚಾಕಿ ಮನೆ ನಡೆಯತೊಡಗಿದರೆ ಒಬ್ಬಳ ಕೈ ಸಾಲದು. ಸೊಪ್ಪು ಕೊಯ್ಯಲು, ಹೆಚ್ಚಲು, ಹಿಕ್ಕೆ ತೆಗೆಯಲು, ತಟ್ಟೆ ತೊಳೆಯಲು ಕೇರಿಯ ಇಬ್ಬರು ಹೆಂಗಸರು ಬರುತ್ತಾರೆ. ಆಗ ಅವಳ ಬಾಯಲ್ಲೂ ‘ನಮ್ಮೋರೆ ಅಲ್ವಾ’ ಎಂಬ ಮಾತು ತಾನಾಗಿ ಬರುತ್ತದೆ, ಹೆಣ್ಣಾಳಿನ ದರ ತಾನಾಗಿ ನೆನಪಾಗುತ್ತದೆ. ಬಂದ ಇಬ್ಬರಲ್ಲಿ ಒಬ್ಬಳಿಗೆ ಎರಡು ಮೂರು ಬೆಳೆಯಲ್ಲೇ ಕಣ್ಣು ಕೂತುಬಿಟ್ಟರಂತೂ ಭಯ ಶುರು: ಇವಳಿಗೆ ಎಲ್ಲಾ ತೋರಿಸಿಕೊಟ್ಟರೆ ನಾಳೆ ಬಿಟ್ಟುಹೋಗಿ ಪಕ್ಕದ ಊರಿನಲ್ಲಿ ತಾನೇ ಒಂದು ತೆರೆಯುತ್ತಾಳೇನೋ. ತೆರೆಯಬಹುದು. ತೆರೆಯಲಿ. ಚಾಕಿಯ ವ್ಯಾಪಾರದಲ್ಲಿ ಮೊಟ್ಟೆ ತರಿಸುವ ದಿನ, ಹುಳು ಕೊಡುವ ದಿನ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಒಬ್ಬಳ ತಟ್ಟೆಗಳು ತುಂಬಿದ್ದಾಗ ಬಂದ ರೈತನನ್ನು ಬರಿಗೈಲಿ ಕಳಿಸುವ ಬದಲು, “ಪಕ್ಕದೂರಲ್ಲಿ ನನ್ ತಾವೇ ಕಲ್ತೋಳು ಅವ್ಳೆ, ಅವಳ್ ತಾವ್ಕೋಗಿ, ಹುಳ ಚೆಂದಾಗವೆ” ಎಂದು ಹೇಳಿ ಕಳಿಸಬಹುದು.